ಮನೆಯ ಮಾರಿ

2024ರ ದೀಪಾವಳಿ ಮುಗಿಸಿಕೊಂಡು ಪುಣೆಗೆ ಹೋದ ಮಗ ವಾರ ತುಂಬುವುದರೊಳಗೆ ಮೊಬೈಲಿಗೆ ಮೂರು ಚಿತ್ರ ಕಳಿಸಿದ. ಮೂರೂ ಇಬ್ರಾಹಿಂಪುರದ ನಮ್ಮ ಮನೆಯವೇ ಎಂದು ಕೆಳಗೆ ಬರೆದಿದ್ದ. ಬರೆಯದಿದ್ದರೆ ನನಗೆ ಗುರುತು ಹತ್ತುತ್ತಿರಲಿಲ್ಲ. ಬೂದು ಬಣ್ಣದ ದೊಡ್ಡ ಡಬ್ಬಿಯಂಥ ಮುಂಭಾಗ, ನಡುವೆ ಕಟ್ಟಿಗೆಯ ಹಾಗೆ ಕಾಣುವ ಶೀಟು, ಮೇಲೆ ಗಾಜಿನ ರೇಲಿಂಗು, ಗೋಡೆಯಲ್ಲಿ ಕೊರೆದ ಗೀರುಗಳ ತುಂಬ ಹಳದಿ ದೀಪದ ಪಟ್ಟಿ. ಬೆನ್ನಿಗೇ ಫೋನು ಬಂತು.

“ಅವ್ವಾ, ಎಲಿವೇಶನ್ ಹೆಂಗ ಐತಿ ಹೇಳು. ಇಂಜಿನಿಯರ್ ಕಡಿಂದ ಮಾಡಿಸೀನಿ.”

“ಚಂದ ಐತಿ ತಮ್ಮಾ. ಕಟ್ಟಿ ಎಲ್ಲಿ ಹೋತು?”

ಕಟ್ಟೆ ಇದ್ದ ಕಡೆ ಕಾರು ಏರಿ ಬರುವ ಇಳಿಜಾರು ಇತ್ತು. ಚಿತ್ರದಲ್ಲಿ ಕಾರು ಕೂಡ ನಿಂತಿತ್ತು. ಅದನ್ನು ಅವನು ಇನ್ನೂ ಕೊಂಡಿಲ್ಲ.

ಅವನ ಅವಸರಕ್ಕೆ ಕಾರಣ ನನಗೆ ಗೊತ್ತಿತ್ತು. ವಯಸ್ಸು ಮೂವತ್ತು. ಹೆಣ್ಣು ನೋಡುತ್ತಿದ್ದೇವೆ. ನಮ್ಮ ಕಡೆ ಹುಡುಗಿಯನ್ನು ನೋಡಲು ಗಂಡಿನವರು ಹೋಗಿ ಬಂದ ಮೇಲೆ ಹೆಣ್ಣಿನವರು ಮನೆ ನೋಡಲು ಬರುತ್ತಾರೆ. ಹುಡುಗನಿಗಿಂತ ಹೆಚ್ಚು ಹೊತ್ತು ಮನೆಯನ್ನು ನೋಡುತ್ತಾರೆ. ತಪ್ಪೇನಿಲ್ಲ, ಮಗಳು ಬಾಳಬೇಕಾದ ಜಾಗ ಅದು. 1986ರಲ್ಲಿ ನನ್ನ ಅಪ್ಪ ಬಬಲೇಶ್ವರ ಸೀಮೆಯ ನಮ್ಮ ಹಳ್ಳಿಯಿಂದ ಇದೇ ಮನೆ ನೋಡಲು ಬಂದು ಹೋಗಿದ್ದ. ರಾತ್ರಿ ಊಟಕ್ಕೆ ಕುಳಿತಾಗ ಅವ್ವನಿಗೆ ಅವನು ಹೇಳಿದ ಒಂದು ಮಾತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಿವಿಗೂ ಬಿತ್ತು: “ಮನಿ ಮಾರಿ ಚಲೋ ಐತಿ.”

ಮೈಸೂರು ಸೀಮೆಯವರಿಗೆ ಮಾರಿ ಎಂದರೆ ಮಾರಮ್ಮ. ನಮಗೆ ಮಾರಿ ಎಂದರೆ ಮುಖ. ಮಗುವಿಗೆ ಮಾರಿ ತೊಳೆಸುತ್ತೇವೆ, ಸಿಟ್ಟಾದವರು ಮಾರಿ ತಿರುವಿಕೊಂಡು ಹೋಗುತ್ತಾರೆ, ಸೂರ್ಯ ಹುಟ್ಟುವ ದಿಕ್ಕಿಗೆ ಬಾಗಿಲಿದ್ದರೆ ಅದು ಮೂಡಲ ಮಾರಿ ಮನೆ. ಎತ್ತಿಗೆ, ಮನುಷ್ಯರಿಗೆ, ಮನೆಗೆ ಒಂದೇ ಶಬ್ದ. ಎಲಿವೇಶನ್ ಎನ್ನುವ ಮಾತು ಈಗ ನಮ್ಮ ಓಣಿಯ ಗೌಂಡಿಗಳ ಬಾಯಲ್ಲೂ ಇದೆ. ಅದು ಕಾಗದದ ಮೇಲೆ ಬರೆಯುವ ಚಿತ್ರದ ಹೆಸರು, ಇರಲಿ. ಆದರೆ ಮಾರಿ ಎಂದಾಗ ಅದು ಯಾರನ್ನೋ ನೋಡುತ್ತಿದೆ, ಯಾರಿಗೋ ಎದುರಾಗಿದೆ ಎಂಬುದು ಮಾತಿನೊಳಗೇ ಇರುತ್ತದೆ. ನಮ್ಮ ಮಾರಿಯನ್ನು ನಾವು ಎಷ್ಟು ಸಲ ನೋಡಿಕೊಳ್ಳುತ್ತೇವೆ? ಮುಂಜಾನೆ ಕನ್ನಡಿಯಲ್ಲಿ ಒಂದು ಸಲ. ಉಳಿದ ಹೊತ್ತೆಲ್ಲ ಅದು ಎದುರಿನವರ ಪಾಲು. ಮನೆಯ ಮಾರಿಯೂ ಹಾಗೆಯೇ. ಒಳಗೆ ಇರುವ ನಮಗೆ ಅದು ಕಾಣುವುದೇ ಇಲ್ಲ, ಓಣಿಗೆ ಕಾಣುತ್ತದೆ.

ನಾನು ಸೊಸೆಯಾಗಿ ಬಂದಾಗ ಇಬ್ರಾಹಿಂಪುರ ಊರ ಹೊರಗೇ ಇದ್ದ ಹಾಗಿತ್ತು. ಹಳಿ ದಾಟಿ ಬಂದರೆ ಹೊಲಗಳ ಗಾಳಿ. ಹೋಟಗಿಯಿಂದ ಗದಗಿಗೆ ಹೋಗುವ ಆ ಹಳಿ 1884ರಷ್ಟು ಹಳೆಯದು. ಆಗಿನ್ನೂ ಮೀಟರ್ ಗೇಜ್. ರೈಲು ಹೋದಾಗ ಮಾಡದಲ್ಲಿಟ್ಟ ಹಣತೆ ಸಣ್ಣಗೆ ನಡುಗುತ್ತಿತ್ತು. 2008ರ ಹೊತ್ತಿಗೆ ಹಳಿ ಬ್ರಾಡ್ ಗೇಜ್ ಆಯಿತು, 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಊರು ನಮ್ಮನ್ನು ದಾಟಿ ಎಷ್ಟೋ ದೂರ ಹೋಯಿತು. ನಮ್ಮ ಮನೆ ಮಾತ್ರ ಇದ್ದಲ್ಲೇ ಇದೆ. ಎರಡೂವರೆ ಅಡಿ ದಪ್ಪದ ಕರಿಗಲ್ಲಿನ ಗೋಡೆ. ಕಲ್ಲಿನ ನಡುವೆ ಇರುವುದು ಸಿಮೆಂಟಲ್ಲ, ಮಣ್ಣು. ಓಣಿಯ ಕಡೆಯ ಗೋಡೆಗೆ ಮಾತ್ರ ಮೇಲೆ ಸುಣ್ಣದ ಗಚ್ಚಿನ ಗಿಲಾವು. ನಡುವೆ ತಲಬಾಗಿಲು, ಎಡಬಲಕ್ಕೆ ಎರಡು ಕಟ್ಟೆ, ಪ್ರತಿ ಕಟ್ಟೆಯ ಮೇಲೆ ಗೋಡೆಯಲ್ಲಿ ಹಣತೆ ಇಡಲು ಒಂದೊಂದು ಮಾಡ. ಮಾಡದ ಮೇಲಂಚಿಗೆ ಮೂರು ತಲೆಮಾರಿನ ಎಣ್ಣೆಮಸಿ. ಕೈಯಿಟ್ಟರೆ ಅದು ಕಲ್ಲಿನ ಹಾಗಲ್ಲ, ಚರ್ಮದ ಹಾಗೆ ನುಣ್ಣಗೆ ಹತ್ತುತ್ತದೆ.

ಈ ಮುಖವನ್ನು ನಾನು ಕಣ್ಣಿನಿಂದಲ್ಲ, ಕೈಯಿಂದ ಬಲ್ಲೆ. ಮದುವೆಯಾದ ಮೊದಲ ವರ್ಷ ದೀಪಾವಳಿಗೆ ಅತ್ತೆ ನನ್ನ ಕೈಗೆ ಕುಂಚ ಕೊಟ್ಟರು. ಹಿಂದಿನ ದಿನ ಕೊಪ್ಪರಿಗೆಯಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಸುರಿದಾಗ ಅದು ಕೊತಕೊತ ಕುದಿದು ಅರಳಿತ್ತು. ಬೆಂಕಿಯಿಲ್ಲದೆ ನೀರು ಕುದಿಯುವುದನ್ನು ನೋಡಲು ಓಣಿಯ ಹುಡುಗರು ಸುತ್ತ ನಿಂತಿದ್ದರು. ಮರುದಿನ ಅದಕ್ಕೆ ಚಿಟಿಕೆ ನೀಲಿ. ನಾನು ಚಿಟಿಕೆಯ ಬದಲು ಹಿಡಿ ಹಾಕಿದೆ. ಆ ವರ್ಷವೆಲ್ಲ ನಮ್ಮ ಮನೆ ತಿಳಿ ಆಕಾಶದ ಬಣ್ಣದಲ್ಲಿತ್ತು. ಹೊಸ ಸೊಸೆಯ ಮನೆ ಎಂದು ವಿಳಾಸ ಕೇಳಿದವರಿಗೆ ತೋರಿಸಲು ಓಣಿಯವರಿಗೆ ಅನುಕೂಲವಾಯಿತು. ಅತ್ತೆ ಬೈಯಲಿಲ್ಲ. ಬುಡಕ್ಕೆ ಹುರಮಂಜಿನ ಕಾರಣಿ ಎಳೆಯುತ್ತ, “ಮುಂದಿನ ವರ್ಷ ಬೆಳ್ಳಗ ಮಾಡೂಣಂತ” ಎಂದರು, ಅಷ್ಟೇ.

ಆ ಗೋಡೆಯ ಮೇಲೆ ನಾವಷ್ಟೇ ಬರೆದಿಲ್ಲ. ಮಲೇರಿಯಾ ಇಲಾಖೆಯವರು ಔಷಧ ಹೊಡೆದ ದಿನಾಂಕ ಬರೆದು ಹೋಗುತ್ತಿದ್ದರು. ಒಂದು ಕಾಲಕ್ಕೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಇತ್ತು. ಚುನಾವಣೆ ಬಂದಾಗ ಯಾರದೋ ಗುರುತು ರಾತ್ರೋರಾತ್ರಿ ಮೂಡಿರುತ್ತಿತ್ತು. ಮಾವ ಎದ್ದು ನೋಡಿ, ಯಾರಿಗೂ ಏನೂ ಅನ್ನದೆ, ಮುಂದಿನ ಹಬ್ಬಕ್ಕೆ ಸುಣ್ಣ ಬಳಿಸುತ್ತಿದ್ದರು. 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಹನಿ ಹಾಕಿಸಿದ ಮನೆಗೆ ಸೀಮೆಸುಣ್ಣದ ಗುರುತು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಎಲ್ಲ ಸುತ್ತಿಗೂ ನನ್ನ ಹೆಸರು ಇದ್ದೇ ಇರುತ್ತಿತ್ತು. ಎಷ್ಟು ಬಾಗಿಲಿಗೆ ಆ ಗುರುತು ಹಾಕಿದ್ದೇನೋ ಲೆಕ್ಕವಿಲ್ಲ. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಆಯಿತು, 2014ರ ಮಾರ್ಚಿನಲ್ಲಿ ಪೋಲಿಯೊ ಇಲ್ಲ ಎಂದು ಘೋಷಣೆಯಾಯಿತು. ಆ ಸುದ್ದಿ ಟಿವಿಯಲ್ಲಿ ಬಂದ ಸಂಜೆ ನಾನು ಹೊರಗೆ ಬಂದು ನಮ್ಮ ಬಾಗಿಲ ಚೌಕಟ್ಟಿನ ಮೇಲಿದ್ದ ಗುರುತನ್ನು ಬೆರಳಿನಿಂದ ಮುಟ್ಟಿದೆ. ಒಂದರ ಮೇಲೊಂದು ಬರೆದು ಅಲ್ಲಿ ಅಕ್ಷರವೇ ಉಳಿದಿರಲಿಲ್ಲ, ಬರೀ ಬಿಳಿ ಮಚ್ಚೆ.

2011ರ ಜನಗಣತಿಗೆ ಮುಂಚೆ ಮನೆಪಟ್ಟಿಯ ಕೆಲಸಕ್ಕೂ ಓಡಾಡಿದೆ. ನೆಲ ಯಾವುದು, ಗೋಡೆ ಯಾವುದು, ಮಾಳಿಗೆ ಯಾವುದು ಎಂದು ಬರೆಯಬೇಕಿತ್ತು. ಕಲ್ಲಿನ ಗೋಡೆಯಾದರೆ ನಡುವೆ ಗಾರೆ ಇದೆಯೋ ಇಲ್ಲವೋ ಎಂಬುದು ಬೇರೆ. ನಮ್ಮ ಕಡೆಯ ಗೋಡೆಗಳ ಮುಂದೆ ನಿಂತು ಆ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭವಿರಲಿಲ್ಲ, ಒಳಗೆ ಮಣ್ಣು, ಮೇಲೆ ಸುಣ್ಣ. ಹಾಗೆ ನೂರಾರು ಮನೆಗಳ ಮುಂದೆ ಬಿಸಿಲಲ್ಲಿ ನಿಂತ ಮೇಲೆ ನನಗೆ ಒಂದು ಸಂಗತಿ ತಿಳಿಯಿತು. ಕೆಲವು ಮನೆ ಎದುರು ನಿಂತಾಗ ಕೂಡಲು ಜಾಗ ಇರುತ್ತದೆ. ಮನೆಯವರು ಒಳಗಿನಿಂದ ಬರುವ ತನಕ ಫೈಲು ತೊಡೆಯ ಮೇಲಿಟ್ಟು ಕಾಯಬಹುದು. ಕೆಲವು ಮನೆ ಎದುರು ಗೇಟಿನ ಸರಳು ಹಿಡಿದು ನಿಂತುಕೊಂಡೇ ಇರಬೇಕು. ಆ ಮನೆಯವರು ಕೆಟ್ಟವರೇನಲ್ಲ, ನೀರು ತಂದು ಕೊಡುವವರೇ. ಆದರೆ ಅವರ ಮನೆ ಕಟ್ಟುವಾಗ ಹೊರಗೆ ನಿಲ್ಲುವವರ ನೆನಪು ಯಾರಿಗೂ ಆಗಿಲ್ಲ.

ಹಳೆಯದೆಲ್ಲ ಚಂದ ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ. ಆ ಮಾತು ಹೇಳುವವರು ಮಣ್ಣಿನ ಮಾಳಿಗೆಯ ಕೆಳಗೆ ಒಂದು ಮಳೆಗಾಲ ಕಳೆಯಬೇಕು. ಜಂತಿಯ ಸಂದಿನಿಂದ ರೊಟ್ಟಿಯ ಪರಾತದೊಳಗೆ ಮಣ್ಣು ಉದುರುವುದು, ಸೋರುವಲ್ಲೆಲ್ಲ ಡಬರಿ ಇಟ್ಟು ರಾತ್ರಿಯೆಲ್ಲ ಟಪ್ ಟಪ್ ಕೇಳುವುದು, ಗೋಡೆಯ ಬಿರುಕಿನಿಂದ ಚೇಳು ಇಳಿಯುವುದು, ವರ್ಷ ವರ್ಷ ಸವುಳು ಮಣ್ಣು ಹೊರಿಸಿ ಮಾಳಿಗೆ ಮೆತ್ತಿಸುವುದು. 2003ರಲ್ಲಿ ಮಾಳಿಗೆ ಇಳಿಸಿ ಸ್ಲ್ಯಾಬ್ ಹಾಕಿಸಿದಾಗ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದೆ. ಬೇಸಿಗೆಯಲ್ಲಿ ಮಾತ್ರ ಹಳೆಯ ಮಾಳಿಗೆ ನೆನಪಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಣ್ಣಿನ ಕೆಳಗೆ ಮಧ್ಯಾಹ್ನ ಕಣ್ಣು ಮುಚ್ಚಬಹುದಿತ್ತು. ಸ್ಲ್ಯಾಬಿನ ಕೆಳಗೆ ರಾತ್ರಿ ಹತ್ತಕ್ಕೂ ಆಗುವುದಿಲ್ಲ. ಮಗನ ಚಿತ್ರದಲ್ಲಿದ್ದ ಕಡುಬೂದು ಗೋಡೆಯನ್ನು ನೋಡಿ ನನಗೆ ಮೊದಲು ಅನಿಸಿದ್ದೇ ಅದು. ಬಿಳಿ ಸುಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಈ ಬಣ್ಣ ಒಳಗೆ ಕರೆದುಕೊಳ್ಳುತ್ತದೆ.

ಮಗ ಸಂಕ್ರಮಣಕ್ಕೆ ಬಂದ. ಸಿದ್ಧೇಶ್ವರ ಜಾತ್ರೆಯ ಗದ್ದಲದ ನಡುವೆ ಮನೆಯ ಮುಂದೆ ನಿಂತು ಇಬ್ಬರೂ ಮಾತಾಡಿದೆವು. “ಅವ್ವಾ, ನಾ ಸುಳ್ಳ ಯಾಕ ಹೇಳಲಿ, ಎರಡೂ ಮಗ್ಗಲ ಮನಿ ನಡುವ ನಮ್ಮ ಮನಿ ಜಡ್ಡಿನ ಮುದುಕಿ ಕುಂತಂಗ ಕಾಣ್ತೈತಿ” ಎಂದ. ನನಗೆ ಮುಳ್ಳು ಚುಚ್ಚಿದಂತಾಯಿತು. ಆದರೆ ಅವನು ಬೆರಳು ಮಾಡಿ ತೋರಿಸುತ್ತ ಹೋದಂತೆ ಒಂದೊಂದೂ ನಿಜವಾಗಿತ್ತು. ಬಾಗಿಲ ಮೇಲಿನ ತಗಡು ತುಕ್ಕು ಹಿಡಿದು ಜೋತು ಬಿದ್ದಿತ್ತು. ಕರೆಂಟಿನ, ಕೇಬಲ್ಲಿನ ತಂತಿಗಳು ಗೋಡೆ ತುಂಬ ಹರಡಿದ್ದವು. ಮಾಳಿಗೆಯ ನೀರು ಇಳಿಯುವ ದೋಣಿ ಒಡೆದು ಗೋಡೆಗೇ ನೀರು ಹರಿದು ಹಸಿರು ಪಾಚಿಯ ಗೆರೆ. ಎಡಗಡೆ ಗೋಡೆಯ ಕೆಳಭಾಗವಂತೂ ಹುಣ್ಣಾದ ಕಾಲಿನಂತೆ ಉಬ್ಬಿತ್ತು.

ಆ ಉಬ್ಬಿಗೆ ಕಾರಣ ನಾವೇ. 1997ರಲ್ಲಿ ಬುಡದ ಸುಣ್ಣ ಉದುರುತ್ತಿದೆ ಎಂದು ನಮ್ಮವರು ನಾಲ್ಕು ಅಡಿ ಎತ್ತರದ ತನಕ ಸಿಮೆಂಟಿನ ಗಿಲಾವು ಮಾಡಿಸಿದ್ದರು. ಗಟ್ಟಿ ಕೆಲಸ ಎಂದು ಎಲ್ಲರಿಗೂ ಸಮಾಧಾನ. ನಾಲ್ಕೈದು ಮಳೆಗಾಲ ಕಳೆದ ಮೇಲೆ ತೇವ ಐದು ಅಡಿಗೆ ಏರಿತು, ಆಮೇಲೆ ಆರಕ್ಕೆ. ಈಗ ಅವರಿಲ್ಲ, ಹೋಗಿ ಆರು ವರ್ಷ. ತೇವ ಮಾತ್ರ ಏರುತ್ತಲೇ ಇತ್ತು.

ಜೋರಾಪುರ ಪೇಟೆಯ ಕಡೆಯಿಂದ ಒಬ್ಬ ಮುದುಕ ಗೌಂಡಿಯನ್ನು ಪರಿಚಯದವರು ಕಳಿಸಿಕೊಟ್ಟರು. ಬಂದವನು ಟೇಪು ತೆಗೆಯಲಿಲ್ಲ, ಕಾಗದ ಕೇಳಲಿಲ್ಲ. ಬಲಗೈಯ ನಡುಬೆರಳ ಗೆಣ್ಣಿನಿಂದ ಗೋಡೆಯನ್ನು ಕುಟ್ಟುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ. ಮೇಲೆ ಸುಣ್ಣದ ಭಾಗದಲ್ಲಿ ಸದ್ದು ಸಣ್ಣಗೆ, ತುಂಬಿಕೊಂಡಂತೆ ಬಂತು. ಕೆಳಗೆ ಸಿಮೆಂಟಿನ ಮೇಲೆ ಡಬಡಬ. “ಈ ಗ್ವಾಡಿಗಿ ರೇನ್‌ಕೋಟ್ ತೊಡಿಸೀರಿ ಅಕ್ಕಾರ. ಒಳಗಿಂದೊಳಗ ಬೆವತು ಕೊಳ್ಯಾಕತ್ತೈತಿ” ಎಂದ.

ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು, ಆ ಒಂದು ಮಾತಿನಲ್ಲಿ ಎಲ್ಲ ಹೊಳೆಯಿತು. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ನೀರನ್ನು ಬಹಳ ದಿನ ಹಿಡಿದಿಡುತ್ತದೆ. ಆ ನೀರು ಕಲ್ಲು–ಮಣ್ಣಿನ ಗೋಡೆಯಲ್ಲಿ ನಿಧಾನಕ್ಕೆ ಮೇಲೇರುವುದು ಅದರ ಸಹಜ ಗುಣ. ಸುಣ್ಣದ ಗಿಲಾವು ಇದ್ದರೆ ಏರಿದ ತೇವ ಸಣ್ಣ ಸಣ್ಣ ರಂಧ್ರಗಳಿಂದ ಗಾಳಿಗೆ ಹೋಗುತ್ತದೆ, ಸವುಳು ಹೊರಗೆ ಬಂದು ಸುಣ್ಣ ಉದುರುತ್ತದೆ, ಮರುವರ್ಷ ಮತ್ತೆ ಬಳಿಯುತ್ತೇವೆ. ಉದುರುವುದೇ ಅದರ ಕೆಲಸ. ಅದನ್ನು ನಾವು ರೋಗ ಎಂದುಕೊಂಡು ಸಿಮೆಂಟು ಮೆತ್ತಿದೆವು. ಹೊರಗೆ ದಾರಿ ಮುಚ್ಚಿದಾಗ ನೀರು ಒಳಗೇ ನಿಂತು ಮಣ್ಣನ್ನು ಕರಗಿಸಿ ಕಲ್ಲನ್ನು ಸಡಿಲು ಮಾಡಿತು. ಜೊತೆಗೆ ಸುಣ್ಣಕ್ಕೆ ಇನ್ನೊಂದು ಗುಣ ಇದೆ. ಭಟ್ಟಿಯಲ್ಲಿ ಸುಟ್ಟಾಗ ಕಲ್ಲಿನಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡನ್ನು ಗೋಡೆಯ ಮೇಲೆ ಕೂತ ಮೇಲೆ ಗಾಳಿಯಿಂದ ಮರಳಿ ಎಳೆದುಕೊಳ್ಳುತ್ತ ತಿರುಗಿ ಕಲ್ಲಾಗುತ್ತದೆ. ಒಂದೆರಡು ದಿನದಲ್ಲಿ ಅಲ್ಲ, ವರ್ಷಗಟ್ಟಲೆ. ನಮ್ಮೂರಿನ ಗೋಳಗುಮ್ಮಟ 1656ರಿಂದ ನಿಂತಿರುವುದು ಇಂಥ ಗಾರೆಯ ಮೇಲೆಯೇ.

ಮಗನನ್ನು ಕರೆದುಕೊಂಡು ಅದೇ ದಿನ ಮೆಹತರ ಮಹಲಿಗೆ ಹೋದೆ. ಬಾಲ್ಯದಲ್ಲಿ ನೋಡಿದ್ದನಂತೆ, ನೆನಪಿರಲಿಲ್ಲ. ಅರಕಿಲ್ಲಾ ಕೋಟೆಯಿಂದ ಜಾಮಿಯಾ ಮಸೀದಿಗೆ ಹೋಗುವ ದಾರಿಯಲ್ಲಿ ಎರಡು ಸಣ್ಣ ಮಿನಾರುಗಳ ನಡುವೆ ಎತ್ತರಕ್ಕೆ ನಿಂತಿದೆ. “ಇಷ್ಟ ಏನ? ಬರೇ ಬಾಗಲಾ?” ಎಂದ. ಹೌದು, ಅದು ಬರೀ ಬಾಗಿಲು. ಹಿಂದಿರುವ ಸಣ್ಣ ಮಸೀದಿಯ ಅಂಗಳಕ್ಕೆ ಪ್ರವೇಶ, ಅಷ್ಟೇ. ಮಹಲು ಎಂಬುದು ಅಲ್ಲಿ ಯಾವತ್ತೂ ಇರಲಿಲ್ಲ. ಸುಲ್ತಾನ ಕೊಟ್ಟ ಹೊನ್ನಿನಿಂದ ಒಬ್ಬ ಝಾಡಮಾಲಿ ಇದನ್ನು ಕಟ್ಟಿಸಿದ ಎಂದು ಜನ ಹೇಳುವ ಕಥೆ ಇದೆ. ಕಥೆ ಹೇಗಾದರೂ ಇರಲಿ, ಬಾಗಿಲ ಮೇಲೆ ದಾರಿಯ ಕಡೆ ಚಾಚಿಕೊಂಡ ಆ ಕಿಟಕಿಯ ಕೆಳಗೆ ನಿಂತು ತಲೆಯೆತ್ತಬೇಕು. ಬಡಿಗ ಕಟ್ಟಿಗೆಯಲ್ಲಿ ಮಾಡುವ ಕೆಲಸವನ್ನು ಕಲ್ಲುಕುಟಿಗ ಕಲ್ಲಿನಲ್ಲಿ ಮಾಡಿದ್ದಾನೆ. ಚಾಚು ಹಿಡಿದ ಆನಿಕೆಗಳ ನಡುವೆ ಪ್ರಾಣಿಗಳು, ಹಕ್ಕಿಗಳು. ಅಷ್ಟೆಲ್ಲ ಕೆತ್ತನೆ ಮನೆಯೊಳಗೆ ಮಲಗುವವನಿಗಾಗಿ ಅಲ್ಲ, ಕೆಳಗೆ ಹಾದು ಹೋಗುವವನಿಗಾಗಿ. ನಾವು ನಿಂತಾಗ ಬಿಸಿಲು ನೆತ್ತಿಯ ಮೇಲಿತ್ತು. ಒಬ್ಬ ಬಾಳೆಹಣ್ಣಿನ ಗಾಡಿಯವನು ತನ್ನ ಗಾಡಿಯನ್ನು ಅದರ ನೆರಳಿಗೆ ಸರಿಸಿಕೊಂಡ. ಮಗ ಆ ಗಾಡಿಯನ್ನೇ ನೋಡುತ್ತಿದ್ದ.

ಹಾಗೆಂದು ಹಳೆಯ ಗೋಡೆಗೆ ಹೊಸ ವೇಷ ತೊಡಿಸುವುದು ನಮ್ಮ ಕಾಲದವರು ಕಂಡುಹಿಡಿದದ್ದೂ ಅಲ್ಲ. 1885ರಲ್ಲಿ ಜಿಲ್ಲೆಯ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಆಂಗ್ಲರಿಗೆ ಕಚೇರಿಗೂ ವಾಸಕ್ಕೂ ಜಾಗ ಬೇಕಾಗಿತ್ತು. ಸುಲ್ತಾನರ ಅರಮನೆಗಳನ್ನೇ ತಿದ್ದಿ ಬಳಸಿಕೊಂಡರು. ಅದಾಲತ್ ಮಹಲು ಕಲೆಕ್ಟರರ ಮನೆಯಾಯಿತು. ಮೂಲ ಹೇಗಿತ್ತೆಂದು ಈಗ ಹೊರಗಿನಿಂದ ಊಹಿಸುವುದೂ ಕಷ್ಟ. 1904ರಲ್ಲಿ ಸ್ಮಾರಕ ರಕ್ಷಣೆಯ ಕಾಯ್ದೆ ಬಂತು. ಈಗಿನ ಕಾಯ್ದೆ ಇನ್ನೂ ಬಿಗಿ. ರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರಿನ ತನಕ ಅನುಮತಿ ಬೇಕು. ಹೆಜ್ಜೆಗೊಂದು ಗುಮ್ಮಟ ಇರುವ ನಮ್ಮೂರಿನಲ್ಲಿ ಇದು ಎಷ್ಟೋ ಕುಟುಂಬಗಳ ದಿನದ ಮಾತು. ಹಳೆಯ ಪೇಟೆಯಲ್ಲಿರುವ ನನ್ನ ಗೆಳತಿಯೊಬ್ಬಳು ಬಿದ್ದ ಗೋಡೆ ಎತ್ತಿಸಲು ಕಾಗದ ಹಿಡಿದು ಅಲೆದದ್ದನ್ನು ಕಂಡಿದ್ದೇನೆ. ಕಾಯ್ದೆ ಬೇಕು. ಆದರೆ ಗುಮ್ಮಟದ ನೆರಳಲ್ಲಿ ಮಳೆಗೆ ನೆನೆಯುವ ಮನೆಯವರಿಗೆ ಬೇಗ ಉತ್ತರ ಕೊಡುವ ದಾರಿಯೂ ಬೇಕು.

ನನ್ನ ಚಿಕ್ಕಮ್ಮನ ಊರು ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಮನೆ ಬಿಡುವಾಗ ಅವರು ಕಂಬ, ತೊಲೆ, ತಲಬಾಗಿಲ ಚೌಕಟ್ಟನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದರು. ಪುನರ್ವಸತಿ ಕೇಂದ್ರದ ಹೊಸ ಮನೆಗೆ ಆ ಬಾಗಿಲು ದೊಡ್ಡದಾಯಿತು. ದನದ ಕೊಟ್ಟಿಗೆಯ ಗೋಡೆಗೆ ಆನಿಸಿ ನಿಲ್ಲಿಸಿದರು. ಈಗಲೂ ಅಲ್ಲೇ ಇದೆ, ಎಲ್ಲಿಗೂ ತೆರೆಯದ ಬಾಗಿಲು. ಹಬ್ಬಕ್ಕೆ ಚಿಕ್ಕಮ್ಮ ಅದಕ್ಕೂ ಅರಿಸಿನ ಕುಂಕುಮ ಹಚ್ಚುತ್ತಾಳೆ. ಚೆನ್ನೈ ಹತ್ತಿರ ಮುತ್ತುಕಾಡಿನ ದಕ್ಷಿಣಚಿತ್ರ ಎಂಬ ಸಂಗ್ರಹಾಲಯದಲ್ಲಿ ಇಳಕಲ್ಲಿನ ನೇಕಾರರ ಮನೆಯೊಂದಿದೆ. ಸಮುದ್ರದ ಗಾಳಿಯಲ್ಲಿ ನಮ್ಮ ಸೀಮೆಯ ಮನೆಯನ್ನು ಕಂಡಾಗ ಊರಿನವರು ಸಿಕ್ಕಷ್ಟು ಸಂತೋಷವಾಯಿತು, ಗಂಟಲೂ ಕಟ್ಟಿತು. ಅದನ್ನು ಟಿಕೆಟ್ ತೆಗೆದು ನೋಡಬೇಕು. ನೋಡಿ, ಹೊರಡಬೇಕು.

ಕೆಲಸ ಫೆಬ್ರವರಿಯಲ್ಲಿ ಶುರುವಾಯಿತು. ಸಿಮೆಂಟು ಕೆತ್ತಿದಾಗ ಅದು ಪರಟೆ ಪರಟೆಯಾಗಿ ಬಿತ್ತು. ಹಿಂದಿನ ಮಣ್ಣು ಹಿಟ್ಟಿನಂತೆ ಒದ್ದೆ. ಹದಿನೈದು ದಿನ ಗೋಡೆಯನ್ನು ಹಾಗೇ ಬಿಡಿ ಎಂದ ಗೌಂಡಿ. ಬಟ್ಟೆ ಕಳೆದ ಗೋಡೆಯನ್ನು ಓಣಿಯೆಲ್ಲ ನೋಡುತ್ತಿದೆ ಎಂದು ನನಗೆ ಒಂಥರ ಸಂಕೋಚ. ಅಷ್ಟರಲ್ಲಿ ಹಿತ್ತಲಲ್ಲಿ ಸುಣ್ಣ ಅರಳಿ ಕೆನೆಗಟ್ಟಿತು. ಲೋಕಾಪುರದ ಕಡೆಯ ಸುಣ್ಣ, ಭೀಮಾ ತೀರದ ಉಸುಕು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಗೌಂಡಿ ಕಲೆಸಿದ ಗಾರೆಯನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು ಕೈಯನ್ನು ತಲೆಕೆಳಗು ಮಾಡುತ್ತಿದ್ದ. ಗಾರೆ ಬೀಳದೆ ಅಂಟಿಕೊಂಡಿದ್ದರೆ ಹದ ಬಂತು ಎಂದರ್ಥ. ಬಿದ್ದರೆ ಇನ್ನೂ ಅರ್ಧ ತಾಸು ಕುಟ್ಟಬೇಕು. ನಾನೂ ಅಂಗೈ ಒಡ್ಡಿದೆ. ತಣ್ಣಗೆ, ಕೊಂಚ ಚುರುಗುಡುತ್ತ ಕೂತಿತು, ಬೀಳಲಿಲ್ಲ.

ಮಗನ ಚಿತ್ರದ ಪ್ರಕಾರ ಆಗಿದ್ದರೆ ವಾರದ ಕೆಲಸ. ಇದಕ್ಕೆ ತಿಂಗಳಾಯಿತು. ತಗಡು ತೆಗೆದು ಪರಸಿಯ ಚಾಚು ಹಾಕಿದೆವು. ತಂತಿಗಳನ್ನೆಲ್ಲ ಒಂದೇ ಪೈಪಿನೊಳಗೆ ಕಳಿಸಿದೆವು. ಒಡೆದ ದೋಣಿಯ ಬದಲು ಕೊಳವೆ ಬಂತು. ತಲಬಾಗಿಲಿಗೆ ನಾಲ್ಕು ಸಲ ಹಚ್ಚಿದ್ದ ಆಯಿಲ್ ಪೇಂಟನ್ನು ಕೆರೆದು ಅಗಸೆ ಎಣ್ಣೆ ಉಣಿಸಿದಾಗ ಕಟ್ಟಿಗೆಯ ಗೆರೆಗಳು ನೆನೆದ ಕಲ್ಲಿನಂತೆ ಮೇಲೆ ಎದ್ದವು. ಮಗನ ಹಳದಿ ದೀಪದ ಆಸೆಯನ್ನು ನಾನು ಮುರಿಯಲಿಲ್ಲ. ಪಟ್ಟಿ ಬೇಡ, ಎರಡು ಮಾಡದಲ್ಲಿ ಒಂದೊಂದು ಸಣ್ಣ ದೀಪ ಇಡಿಸು ಎಂದೆ. ಎಣ್ಣೆಮಸಿಯನ್ನು ಒರೆಸಬೇಡಿ ಎಂದು ಅವನೇ ಎಲೆಕ್ಟ್ರಿಷಿಯನ್‌ಗೆ ಹೇಳಿದ.

ಉಳಿದದ್ದು ಕಟ್ಟೆ. ಅದು ಎಲ್ಲಕ್ಕಿಂತ ಕಷ್ಟದ್ದಾಯಿತು. ನಾನು ಬಂದಾಗ ದಾರಿಯಿಂದ ಮೂರು ಮೆಟ್ಟಿಲು ಏರಿ ಹೊಸ್ತಿಲು ಮುಟ್ಟಬೇಕಿತ್ತು. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಬಿದ್ದು ಬಿದ್ದು ರಸ್ತೆ ಏರಿ ಈಗ ಒಂದೇ ಮೆಟ್ಟಿಲು. ಕಟ್ಟೆ ಮೊಳಕಾಲಿಗಿಂತ ಕೆಳಗಿಳಿದು ಕೂತವರ ಕಾಲು ಮಡಚಿಕೊಳ್ಳುತ್ತಿತ್ತು. ಮನೆ ಕುಸಿದಿಲ್ಲ, ಓಣಿ ಎದ್ದಿದೆ. ನಮ್ಮ ಸಾಲಿನ ಹಳೆಯ ಮನೆಗಳೆಲ್ಲ ಹೀಗೆ ಸೊಂಟದ ತನಕ ಹೂತುಕೊಂಡಂತೆ ಕಾಣುತ್ತವೆ. ಕಾರಿಗೆ ಜಾಗ ಬೇಕೇ ಬೇಕು ಎಂದಾದರೆ ಬಲಗಡೆಯ ಹಿತ್ತಲ ದಾರಿ ಅಗಲ ಮಾಡೋಣ ಎಂದೆ. ಮಗ ಒಂದು ದಿನ ಸುಮ್ಮನಿದ್ದ. ಮರುದಿನ ಬೆಳಿಗ್ಗೆ ಜುಮನಾಳದಿಂದ ಬರುವ ಕಾಯಿಪಲ್ಲೆಯ ಅಮ್ಮ ತಲೆಯ ಬುಟ್ಟಿ ಇಳಿಸಲು ಜಾಗ ಕಾಣದೆ, ಕಲ್ಲಿನ ರಾಶಿಯ ಮುಂದೆ ನಿಂತು, “ಯಪ್ಪಾ, ಬುಟ್ಟಿಗಿ ಒಂದೀಟ ಕೈ ಹಚ್ಚೋ” ಎಂದು ಅವನನ್ನೇ ಕರೆದಳು. ಇಪ್ಪತ್ತು ವರ್ಷದಿಂದ ಅವಳು ಯಾರ ಕೈಯನ್ನೂ ಕೇಳದೆ ಬುಟ್ಟಿಯನ್ನು ತಲೆಯಿಂದ ನೇರ ನಮ್ಮ ಕಟ್ಟೆಗೆ ಜಾರಿಸುತ್ತಿದ್ದವಳು. ಆ ಸಂಜೆ ಅವನೇ ಗೌಂಡಿಗೆ ಹೇಳಿದ, ಕಟ್ಟೆಯನ್ನು ಒಂದು ಕಲ್ಲಿನಷ್ಟು ಏರಿಸಿ ಎಂದು. ಶಹಾಬಾದ ಪರಸಿ ಹಾಸಿ ಅಂಚನ್ನು ಉಜ್ಜಿ ದುಂಡಗೆ ಮಾಡಿಸಿದ. ಕೂತವರ ತೊಡೆಗೆ ಒತ್ತಬಾರದಂತೆ.

ಯುಗಾದಿಯ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರು ಕಂಬಿ ಹೊತ್ತು ಹೊರಟಾಗ ಒಂದು ತಂಡ ನಮ್ಮ ಓಣಿಯಲ್ಲಿ ಬಂತು. ಕಟ್ಟೆಯ ಮೇಲೆ ಹನ್ನೊಂದು ಜನ ಕೂತರು. ಅಂಬಲಿ, ಮಜ್ಜಿಗೆ ಕೊಟ್ಟೆ. ಒಬ್ಬ ಹಿರಿಯ ಪಾದದ ಗುಳ್ಳೆಗೆ ಬಟ್ಟೆ ಕಟ್ಟಿಕೊಳ್ಳುತ್ತ, ಗೋಡೆಯ ಕಡೆ ನೋಡಿ, “ಸುಣ್ಣದ ವಾಸನಿ ಬರಾಕತ್ತೈತಿ, ಮದುವಿ ಐತೇನ್ರಿ?” ಎಂದು ಕೇಳಿದ. ಇನ್ನೂ ಇಲ್ಲ, ಹೆಣ್ಣು ಹುಡುಕುತ್ತಿದ್ದೇವೆ ಎಂದೆ. ಮಲ್ಲಯ್ಯ ಕೊಡ್ತಾನ ಎಂದು ಹೇಳಿ ಎದ್ದ. ಹೆಣ್ಣಿನವರೂ ಆಮೇಲೆ ಒಂದು ಭಾನುವಾರ ಬಂದರು. ಹುಡುಗಿಯ ಅಜ್ಜ ಒಳಗೆ ಬರದೆ ಕಟ್ಟೆಯ ಮೇಲೆಯೇ ಚಹಾ ತರಿಸಿಕೊಂಡ. ಮಾತು ಇನ್ನೂ ನಡೆದಿದೆ.

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮುಂಚೆ ಮೀಟರ್ ಓದುವ ಹುಡುಗ ಮನೆಮನೆಗೆ ಚೀಟಿ ಅಂಟಿಸುತ್ತ ಬಂದ. ಹೊಸ ಸುಣ್ಣದ ಮೇಲೆ ಅದು ಹತ್ತಲೊಲ್ಲದು. ಅಂಟಿಸಿದಂತೆಲ್ಲ ಹಿಂದೆ ಬಿಳಿ ಪುಡಿ ಹಿಡಿದು ಕೆಳಗೆ ಬೀಳುತ್ತಿತ್ತು. “ಎಲ್ಲಿ ಹಚ್ಚಲ್ರಿ ಅಕ್ಕಾರ?” ಎಂದು ಅಳುಕುತ್ತ ಕೇಳಿದ, ಗೋಡೆ ಕೆಡುತ್ತದೆ ಎಂದು ನಾನು ಬೈಯಬಹುದೆಂದು. ಚೌಕಟ್ಟಿನ ಮೇಲೆ, ಪೋಲಿಯೊ ಗುರುತು ಇದ್ದ ಜಾಗ ತೋರಿಸಿದೆ. ವಾರ ಬಿಟ್ಟು ಗಣತಿಯ ಶಿಕ್ಷಕಿ ಬಂದಳು. ನನ್ನ ಮಗಳ ವಯಸ್ಸಿನವಳು, ಬೆಳಿಗ್ಗೆಯಿಂದ ನಡೆದು ಮುಖ ಕೆಂಪಾಗಿತ್ತು. ಅರವತ್ತು ಪ್ರಶ್ನೆ ಇವೆ ಅಕ್ಕಾರ, ಸ್ವಲ್ಪ ಹೊತ್ತು ಹಿಡೀತದ ಎಂದು ಹೇಳುತ್ತಲೇ ಕಟ್ಟೆಯ ಮೇಲೆ ಕೂತು, ಬೆನ್ನನ್ನು ಗೋಡೆಗೆ ಆನಿಸಿ, ಒಂದು ಸಲ ಕಣ್ಣು ಮುಚ್ಚಿದಳು. ನಾನು ನೀರು ತಂದೆ. ಅವಳು ಮುಂದಕ್ಕೆ ಬಾಗಿದಾಗ ಜಾಕೀಟಿನ ಬೆನ್ನ ತುಂಬ ಸುಣ್ಣ ಹತ್ತಿತ್ತು. ಜಾಡಿಸಲು ಕೈ ಎತ್ತಿದೆ. “ಇರಲಿ ಬಿಡ್ರಿ” ಎಂದು ಮೊಬೈಲು ತೆರೆದು, ಮನೆಯ ಯಜಮಾನರ ಹೆಸರು ಕೇಳಿದಳು. ನನ್ನ ಹೆಸರು ಹೇಳಿದೆ.